ಸರ್ಕಾರಿ ಶಾಯಿ, ಅಕ್ಕನ ಸೋಪು

ಮಾರ್ಚ್ ೩

ತಮ್ಮಾ,

ಫೋನ್ ಮಾಡಿದಾಗಲೆಲ್ಲ ನಿನ್ನ ಕಾರ್ಯದರ್ಶಿ ಎತ್ತಿಕೊಂಡು "ಸಾಹೇಬರು ಮೀಟಿಂಗಲ್ಲಿದ್ದಾರೆ ಅಕ್ಕಾವ್ರೇ" ಅನ್ನುತ್ತಾರೆ. ಕೇಳಿ ಕೇಳಿ ಸಾಕಾಯಿತು. ಈಗ ನನ್ನನ್ನು ಅಕ್ಕ ಅನ್ನುವವರು ಅವರೊಬ್ಬರೇ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದನ್ನಾದರೂ ನೀನೇ ಒಡೆಯುತ್ತೀಯ ಅಂದುಕೊಂಡಿದ್ದೇನೆ.

ಮಾರುಕಟ್ಟೆಯ ಹೊಸ ಚಾವಣಿ ಬಿದ್ದದ್ದನ್ನು ಪೇಪರಿನಲ್ಲಿ ಓದಿರುತ್ತೀಯ. ಪೇಪರಿನಲ್ಲಿ ಬಾರದ್ದನ್ನು ನಾನು ಹೇಳುತ್ತೇನೆ. ಬೆಳಗ್ಗೆ ಇನ್ನೂ ಅಂಗಡಿಗಳು ತೆರೆದಿರಲಿಲ್ಲ, ಹಾಗಾಗಿ ಜೀವ ಹೋಗಲಿಲ್ಲ. ಆದರೆ ನಮ್ಮ ಇಸ್ತ್ರಿ ಮಾವ ಇದ್ದಿಲು ತರಲು ಹೋಗಿದ್ದರು. ಕಬ್ಬಿಣದ ತೊಲೆ ಅವರ ಬಲಗೈ ಮೇಲೆ ಬಿತ್ತು. ಬೆರಳುಗಳು ಉಳಿದಿವೆ, ಮಡಚಲು ಬರುವುದಿಲ್ಲ. ನನ್ನ ಹೊಲಿಗೆ ಅಂಗಡಿಯ ಜಗಲಿಯಲ್ಲಿ ಅಪ್ಪನ ಕಾಲದಿಂದ ಮೇಜು ಹಾಕಿಕೊಂಡಿರುವ ಮನುಷ್ಯ. ನೀನು ಶಾಲೆಗೆ ಹೋಗಲ್ಲ ಅಂತ ರಂಪ ಮಾಡಿದಾಗ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ಬಿಟ್ಟು ಬರುತ್ತಿದ್ದವರು. ಈಗ ಎಡಗೈಯಲ್ಲಿ ಇಸ್ತ್ರಿ ಹಾಕುವುದನ್ನು ಕಲಿಯುತ್ತಿದ್ದಾರೆ. ಪೆಟ್ಟಿಗೆ ಭಾರಕ್ಕೆ ಮೊಣಕೈ ನಡುಗುತ್ತದೆ. ನಾನು ನೋಡದವಳ ಹಾಗೆ ಮಿಷನ್ ಕಡೆ ಮುಖ ಮಾಡಿಕೊಳ್ಳುತ್ತೇನೆ.

ಚಾವಣಿ ಕಟ್ಟಿದವನು ನಿನ್ನ ಹೆಂಡತಿಯ ತಮ್ಮ. ಆ ಕೆಲಸ ಅವನಿಗೆ ಕೊಡಿಸಿದವನು ನೀನು. ಇದು ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತುಕೊಂಡೇ ಕೇಳುತ್ತಾರೆ: "ನಿಮ್ಮ ತಮ್ಮ ರಾಜೀನಾಮೆ ಯಾವಾಗ ಕೊಡ್ತಾರೆ?" ನಾನು ಟೇಪಿನಲ್ಲಿರುವ ಅಂಕಿಯನ್ನು ಗಟ್ಟಿಯಾಗಿ ಓದಿ ಮಾತು ತಪ್ಪಿಸುತ್ತೇನೆ.

ಚುನಾವಣೆಯಲ್ಲಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು "ನನ್ನ ಕಡೆ ಒಂದು ಬೆರಳು ತೋರಿಸಿದರೂ ಕುರ್ಚಿ ಬಿಟ್ಟು ಬರ್ತೀನಿ" ಅಂದಿದ್ದೆ. ಆ ದಿನ ಹಾಕಿಕೊಂಡಿದ್ದ ಅಂಗಿ ನಾನು ಹೊಲಿದದ್ದು. ಕಾಲರ್ ನಿನಗೆ ಒಪ್ಪಿಗೆಯಾಗದೆ ಬಿಚ್ಚಿ ಮತ್ತೆ ಹೊಲಿದಿದ್ದೆ. ಆಡಿದ ಮಾತನ್ನು ಮಾತ್ರ ಬಿಚ್ಚಲು ಬರುವುದಿಲ್ಲ, ತಮ್ಮಾ. ಒಂದು ಸಲ ಬಂದು ಮಾವನನ್ನು ನೋಡಿಕೊಂಡು ಹೋಗು. ಮಿಕ್ಕದ್ದು ಎದುರಿಗೆ ಮಾತಾಡೋಣ.

ನಿನ್ನ ಅಕ್ಕ

&nbsp;

ಶಾಸಕರ ಕಚೇರಿ, ರಾಜಧಾನಿ
ಮಾರ್ಚ್ ೧೪

ಅಕ್ಕಾ,

ತಡವಾಯಿತು, ಬಯ್ಯಬೇಡ. ಲೆಟರ್‌ಹೆಡ್ ನೋಡಿ ಮುಖ ಗಂಟು ಹಾಕಿಕೊಳ್ಳಬೇಡ, ಮೇಜಿನ ಮೇಲೆ ಬೇರೆ ಹಾಳೆಯೇ ಇರುವುದಿಲ್ಲ. ನಿನ್ನ ಕಾಗದವನ್ನು ನಾನೇ ಒಡೆದೆ. ನಿನ್ನ ಅಕ್ಷರ ನೋಡಿದರೆ ಈಗಲೂ ನಿನ್ನ ಮಿಷನ್ ಕೆಳಗೆ ಕೂತು ಗುಂಡಿ ಆಯುತ್ತಿದ್ದ ಹಾಗೆ ಅನಿಸುತ್ತದೆ.

ಆದರೆ ವಿಷಯವನ್ನು ನೀನು ಊರಿನವರ ಬಾಯಿಂದ ಕೇಳಿದ್ದೀಯ. ಭಾಮೈದನಿಗೆ ಕೆಲಸ ಸಿಕ್ಕಿದ್ದು ನಿಯಮದ ಪ್ರಕಾರವೇ. ತನಿಖೆಗೆ ಸಮಿತಿ ಆಗಿದೆ. ಅದರ ವರದಿ ಬರುವ ಮೊದಲು ರಾಜೀನಾಮೆ ಬಿಸಾಕಿದರೆ ತಪ್ಪು ಒಪ್ಪಿಕೊಂಡ ಹಾಗೆ. ಎದುರು ಪಕ್ಷದವರು ಬಾಯಿ ಚಪ್ಪರಿಸಿಕೊಂಡು ಕಾಯುತ್ತಿದ್ದಾರೆ. ಕುರ್ಚಿಯ ಆಸೆ ನನಗಿಲ್ಲ, ನಿನಗೆ ಗೊತ್ತಲ್ಲ. ಆದರೆ ಜನ ಕೊಟ್ಟದ್ದನ್ನು ನಾನಾಗಿ ಬಿಟ್ಟುಬಂದರೆ ಅದು ಜನಕ್ಕೆ ಮಾಡುವ ಅವಮಾನವಲ್ಲವೇ? ಬೇಡವಾದರೆ ಜನವೇ ಹಿಂದಕ್ಕೆ ಕರೆಸಿಕೊಳ್ಳಲಿ. ಅದಕ್ಕೆಂದೇ ಕಾನೂನಿದೆ. ಬೇಕಾದಷ್ಟು ಮತದಾರರು ಅರ್ಜಿಗೆ ಹೆಬ್ಬೆಟ್ಟು ಒತ್ತಿದರೆ ಮತ್ತೆ ಮತದಾನ; ನಾನು ಇರಬೇಕೋ ಹೋಗಬೇಕೋ ಅಲ್ಲೇ ತೀರ್ಮಾನ. ಆ ಕಾನೂನಿನ ಪರವಾಗಿ ವಿಧಾನಸಭೆಯಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನು ನಾನೇ. ನೀನು ರೇಡಿಯೋದಲ್ಲಿ ಕೇಳಿ ಅತ್ತುಬಿಟ್ಟೆ ಅಂತ ಬರೆದಿದ್ದೆ.

ಈಗ ಅಲ್ಲಿಗೆ ಬಂದರೆ ಗಲಾಟೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. ಸ್ವಲ್ಪ ತಣ್ಣಗಾಗಲಿ.

ಎರಡು ಬಿಳಿ ಅಂಗಿ ಬೇಕು. ಕುತ್ತಿಗೆ ಸ್ವಲ್ಪ ಸಡಿಲ ಇರಲಿ, ಇಲ್ಲಿ ಕೂತು ಕೂತು ದಪ್ಪಗಾಗಿದ್ದೇನೆ. ಒಳಜೇಬು ಮರೆಯಬೇಡ.

ತಮ್ಮ

&nbsp;

ಮಾರ್ಚ್ ೨೯

ತಮ್ಮಾ,

ಅರ್ಜಿ ತರಲಿ ಅಂದೆಯಲ್ಲ, ತಂದಿದ್ದಾರೆ. ಮೇಜು ಎಲ್ಲಿ ಹಾಕಿದ್ದಾರೆ ಗೊತ್ತಾ? ನನ್ನ ಅಂಗಡಿಯ ಎದುರುಗಡೆ, ರಸ್ತೆಯ ಆ ಬದಿ. ಹೈಸ್ಕೂಲಿನ ಟೀಚರಮ್ಮ ಮುಂದೆ ನಿಂತು ನಡೆಸುತ್ತಿದ್ದಾರೆ, ಪಕ್ಕದಲ್ಲಿ ಚುನಾವಣಾ ಕಚೇರಿಯ ಗುಮಾಸ್ತ. ಹೆಸರು ಬರೆಯಬೇಕು, ಸಹಿ ಹಾಕಬೇಕು, ಆಮೇಲೆ ಹೆಬ್ಬೆಟ್ಟು ಒತ್ತಬೇಕು. ಬೆರಳಲ್ಲಿ ಶಾಯಿ ಇದ್ದವರು ಮತ್ತೆ ಬಂದರೆ ಗುಮಾಸ್ತ ವಾಪಸ್ ಕಳಿಸುತ್ತಾನೆ. ಒಬ್ಬರು ಎರಡು ಸಲ ಒತ್ತಬಾರದು ಅಂತ ಈ ಏರ್ಪಾಡು.

ನನ್ನ ಪಾಡು ಕೇಳು. ಜನ ಅಲ್ಲಿ ಒತ್ತಿ ನೆಟ್ಟಗೆ ಇಲ್ಲಿಗೆ ಬರುತ್ತಾರೆ. "ಅಂಗಿ ಆಯ್ತಾ ನೋಡೋಣ" ಅಂತ ಬೆರಳಿಟ್ಟರೆ ಬಿಳಿ ಬಟ್ಟೆ ಮೇಲೆ ನೇರಳೆ ಹೆಬ್ಬೆಟ್ಟು. ಆಸ್ಪತ್ರೆಯ ನರ್ಸಮ್ಮನ ಕೋಟಿನ ಬೆನ್ನ ಮೇಲೆ ಒಂದು, ಮದುವೆ ಗಂಡಿನ ಅಂಗಿ ಮೇಲೆ ಒಂದು. ಇಸ್ತ್ರಿ ಮಾವನೂ ಹೋಗಿ ಎಡಗೈಯಲ್ಲಿ ಒತ್ತಿ ಬಂದರು. ಅದೇ ಕೈಯಲ್ಲಿ ದಿಂಬಿನ ಕವರ್ ಹಿಡಿದು ಇಸ್ತ್ರಿ ಹಾಕಿದರು, ಬಿಸಿಗೆ ಶಾಯಿ ಬಟ್ಟೆಯೊಳಗೇ ಇಳಿಯಿತು. ಆವತ್ತೇ ಜಗಲಿಯಲ್ಲಿ ಒಂದು ಬಟ್ಟಲು ಸೋಪಿನ ನೀರು ಇಟ್ಟೆ, ಪಕ್ಕದಲ್ಲಿ ಸೀಮೆಎಣ್ಣೆ ಅದ್ದಿದ ಚಿಂದಿ. ಮಿಷನ್ ಎಣ್ಣೆಯ ಕಲೆ ತೆಗೆಯಲು ಅಪ್ಪ ಮಾಡುತ್ತಿದ್ದ ಉಪಾಯವೇ. ಮೊದಲು ನನ್ನ ಬೆರಳ ಮೇಲೆ ಪರೀಕ್ಷೆ ಮಾಡಿದೆ. ಎಂದೂ ಹೋಗದ ಸರ್ಕಾರಿ ಶಾಯಿ ಅಂತಾರೆ, ಉಜ್ಜಿದ ತಕ್ಷಣ ಹೋಯಿತು. ನಿನ್ನ ಸರ್ಕಾರ ಇದರಲ್ಲೂ ನೀರು ಬೆರೆಸಿದೆ ಅಂತ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆದರೆ ನಗುವ ವಿಷಯ ಅಲ್ಲ. ಜನಕ್ಕೆ ಅವಮಾನ ಆಗುತ್ತದೆ ಅಂದೆ. ಕೈ ಹೋದ ಮನುಷ್ಯ ಬಿಸಿಲಲ್ಲಿ ಸಾಲಿನಲ್ಲಿ ನಿಂತು ನಿನ್ನನ್ನು ಇಳಿಸಬೇಕು, ನೀನು ಅಲ್ಲಿ ಫ್ಯಾನ್ ಕೆಳಗೆ ಕೂತು "ಬೇಕಾದರೆ ಇಳಿಸಿ" ಅನ್ನಬೇಕು. ಅವಮಾನ ಅಂದರೆ ಇದಲ್ಲವಾ? ಹಿಂದಕ್ಕೆ ಕರೆಸುವ ಕಾನೂನು ಇರುವುದು ತಾನಾಗಿ ಇಳಿಯದವರಿಗೆ. ನೀನು ಅಂಥವನಲ್ಲ ಅಂದುಕೊಂಡಿದ್ದೆ.

ನಿನ್ನ ಕಾಗದ ಬಂದ ದಿನ "ಏನು ಬರೆದಿದಾನೆ?" ಅಂತ ಮಾವ ಕೇಳಿದರು. ಏನೋ ಹೇಳಿದೆ. ಅವರ ಕೈ ಹಾಗೇ ಇದೆ. ನಡುಬೆರಳಿನಲ್ಲಿ ಜೀವ ಬಂದ ಹಾಗಾಗಿ ಮತ್ತೆ ಹೋಯಿತು.

ಅಂಗಿಗೆ ಬಟ್ಟೆ ತಂದಿದ್ದೇನೆ, ಇನ್ನೂ ಕತ್ತರಿಸಿಲ್ಲ.

ಅಕ್ಕ

&nbsp;

ಶಾಸಕರ ಕಚೇರಿ, ರಾಜಧಾನಿ
ಏಪ್ರಿಲ್ ೨

ಅಕ್ಕಾ,

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ಎಷ್ಟು ದಿನವಾಗಿತ್ತು ನಾನು ನಕ್ಕು. ಆ ಸೋಪಿನ ಕತೆ ಇನ್ನಷ್ಟು ಬರೆ. ಯಾವತ್ತಿಂದ ಇಟ್ಟಿದ್ದೀಯ? ದಿನಕ್ಕೆ ಸುಮಾರು ಎಷ್ಟು ಜನ ತೊಳೆಯುತ್ತಾರೆ? ಶಾಯಿ ಪೂರ್ತಿ ಹೋಗುತ್ತದಾ, ಗುರುತೇ ಉಳಿಯುವುದಿಲ್ಲವಾ? ಗುಮಾಸ್ತ ನೋಡಿಯೂ ಸುಮ್ಮನಿದ್ದಾನಾ? ನಿನ್ನ ಕೈಯಲ್ಲಿ ಬರೆದರೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ಊರು ಬಿಟ್ಟು ಬಂದವನಿಗೆ ಇಂಥವೇ ಬೇಕು.

ಮಿಕ್ಕ ವಿಷಯ ನಾನೂ ಯೋಚಿಸುತ್ತಿದ್ದೇನೆ.

ತಮ್ಮ

&nbsp;

ಏಪ್ರಿಲ್ ೭

ತಮ್ಮಾ,

ಇಷ್ಟು ಬೇಗ ಉತ್ತರ ಬಂದದ್ದು ನೋಡಿ ಗಾಬರಿಯಾಯಿತು, ಯಾರಿಗೆ ಏನಾಯಿತೋ ಅಂತ. ಓದಿದ ಮೇಲೆ ಎದೆ ಹಗುರವಾಯಿತು. "ಯೋಚಿಸುತ್ತಿದ್ದೇನೆ" ಅಂತ ಬರೆದಿದ್ದೀಯ. ಆ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ನಿನ್ನ ಮೇಲೆ ರೇಗಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ಕೇಳಿದ್ದಕ್ಕೆಲ್ಲ ಉತ್ತರ ಬರೆಯುತ್ತೇನೆ. ಬಟ್ಟಲು ಇಟ್ಟದ್ದು ಮೇಜು ಹಾಕಿದ ಮಾರನೆಯ ದಿನ. ಬರುವವರಲ್ಲಿ ಅರ್ಧಕ್ಕರ್ಧ ಜನ ಇಲ್ಲೇ ತೊಳೆಯುತ್ತಾರೆ. ಮೀನು ಮಾರುವವಳು, ಬೇಕರಿಯವನು, ಬ್ಯಾಂಕಿನ ಮ್ಯಾನೇಜರ್ ಕೂಡ. ಶಾಯಿ ಪೂರ್ತಿ ಹೋಗುತ್ತದೆ, ಉಗುರಿನ ಸಂದಿಯಲ್ಲೂ ಉಳಿಯುವುದಿಲ್ಲ. ಗುಮಾಸ್ತ ಏನು ಸುಮ್ಮನಿರುವುದು, ಊಟಕ್ಕೆ ಹೋಗುವ ಮೊದಲು ತಾನೇ ಬಂದು ಕೈ ಅದ್ದುತ್ತಾನೆ. "ಅಕ್ಕಾವ್ರೇ, ನಿಮ್ಮಿಂದ ನನ್ನ ಹೆಂಡತಿ ಬೈಗುಳ ತಪ್ಪಿತು" ಅಂತಾನೆ.

ಮಾವನ ಕೈ ಬಗ್ಗೆಯೂ ಹೇಳಿಬಿಡುತ್ತೇನೆ. ಆಸ್ಪತ್ರೆಯವರು ಇನ್ನು ಇಷ್ಟೇ ಅಂದರಂತೆ. ಅವರು ಮನೆಯಲ್ಲಿ ಹೇಳಿಲ್ಲ, ನನಗೆ ಮಾತ್ರ ಹೇಳಿದರು. ನಿನ್ನ ಒಂದು ಮಾತಿನಿಂದ ಕೈ ಬರುವುದಿಲ್ಲ, ಗೊತ್ತು. ಆದರೂ ಬರೆ.

ನಿನ್ನ ಅಂಗಿ ಕತ್ತರಿಸಿದ್ದೇನೆ. ಕುತ್ತಿಗೆ ಸಡಿಲ ಇಟ್ಟಿದ್ದೇನೆ.

ಅಕ್ಕ

&nbsp;

ಶಾಸಕರ ಕಚೇರಿ, ರಾಜಧಾನಿ
ಮೇ ೮

ಪ್ರೀತಿಯ ಅಕ್ಕಾ,

ತಿಂಗಳಾಯಿತು ನಿನ್ನಿಂದ ಕಾಗದವಿಲ್ಲ. ಕೆಲಸ ಜಾಸ್ತಿ ಇರಬೇಕು. ಸುದ್ದಿ ನಿನಗೆ ಗೊತ್ತೇ ಇದೆ, ಅರ್ಜಿ ಬಿದ್ದುಹೋಯಿತು. ಕಾನೂನಿನ ಪ್ರಕಾರ ಇನ್ನೊಂದು ವರ್ಷ ಯಾರೂ ಹೊಸ ಅರ್ಜಿ ತರುವಂತಿಲ್ಲ. ಜನರ ತೀರ್ಪಿಗೆ ತಲೆಬಾಗುತ್ತೇನೆ ಅಂದಿದ್ದೆ, ಜನರ ತೀರ್ಪು ನನ್ನ ಕಡೆಯೇ ಆಯಿತು.

ಇಲ್ಲಿ ಎಲ್ಲರೂ ನಿನ್ನನ್ನೇ ಹೊಗಳುತ್ತಿದ್ದಾರೆ. "ನಿಮ್ಮ ಅಕ್ಕನ ತಲೆಯೇ ತಲೆ" ಅಂದರು ನನ್ನ ವಕೀಲರು. ಬಾಯಲ್ಲಿ ನನಗೆ ಬಯ್ಯುತ್ತ ಕೈಯಲ್ಲಿ ನನ್ನನ್ನು ಉಳಿಸಿದೆ. ನಾನು ಚಿಕ್ಕವನಿದ್ದಾಗಲೂ ನೀನು ಹಾಗೇ ಮಾಡುತ್ತಿದ್ದೆ, ಅಪ್ಪನ ಎದುರಿಗೆ ಗದರಿಸಿ ಹಿಂದಿನ ಬಾಗಿಲಿಂದ ಊಟ ಕೊಡುತ್ತಿದ್ದೆ. ನನಗೆ ಎಲ್ಲ ಅರ್ಥವಾಯಿತು ಅಕ್ಕಾ, ನೀನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ತಿಂಗಳು ಊರಲ್ಲಿ ಕೃತಜ್ಞತಾ ಸಭೆ. ವೇದಿಕೆಯಲ್ಲಿ ನಿನಗೆ ಮೊದಲ ಸಾಲಿನ ಕುರ್ಚಿ. ಸಭೆಗೆ ಒಂದು ಕೋಟು ಹೊಲಿದುಕೊಡು. ಅಂಗಿಗಳೂ ಇನ್ನೂ ಬಂದಿಲ್ಲ.

ನಿನ್ನ ತಮ್ಮ

&nbsp;

ಮೇ ೧೫

ತಮ್ಮಾ,

ಕೆಲಸ ಜಾಸ್ತಿ ಅಲ್ಲ. ಕೆಲಸವೇ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಪೂರ್ತಿ ಓದು.

ಚುನಾವಣಾಧಿಕಾರಿ ನನ್ನನ್ನು ಕರೆಸಿದ್ದರು. ಕೋಣೆ ತುಂಬ ಜನ. ಒಂದು ಕಡೆ ಟೀಚರಮ್ಮ, ಒಂದು ಕಡೆ ನಿನ್ನ ವಕೀಲ. ಅಧಿಕಾರಿ ಒಂದು ಹಾಳೆ ನನ್ನ ಮುಂದೆ ತಳ್ಳಿದರು.

"ಇದು ನಿಮ್ಮ ಅಕ್ಷರವೇನಮ್ಮ?"

ನೋಡಿದರೆ ನನ್ನ ಕಾಗದ. ಏಪ್ರಿಲ್ ಏಳರದ್ದು. ಜೆರಾಕ್ಸ್ ಪ್ರತಿ. ಬಟ್ಟಲು, ಶಾಯಿ, ಗುಮಾಸ್ತ, ಎಲ್ಲದರ ಕೆಳಗೂ ಕೆಂಪು ಗೆರೆ. ಮಾವನ ಕೈ ಬಗ್ಗೆ ಬರೆದ ಸಾಲುಗಳ ಮೇಲೆ ಬಿಳಿ ಚೀಟಿ ಇಟ್ಟು ಪ್ರತಿ ತೆಗೆದಿದ್ದರು. ಆ ಜಾಗ ಖಾಲಿಯಾಗಿತ್ತು.

"ಹೌದು ಸಾರ್," ಅಂದೆ.

"ನಿಮ್ಮ ಅಂಗಡೀಲಿ ಗುರುತು ಅಳಿಸೋ ಕೆಲಸ ನಡೀತಿತ್ತು ಅಂತ ನೀವೇ ಬರೆದಿದೀರಲ್ಲ."

"ಗುರುತು ಅಳಿಸೋಕಲ್ಲ ಸಾರ್, ಬಟ್ಟೆ ಉಳಿಸೋಕೆ."

"ತೊಳ್ಕೊಂಡು ಹೋಗಿ ಯಾರೂ ಇನ್ನೊಂದು ಸಲ ಒತ್ತಿಲ್ಲ ಅಂತ ಹೇಗೆ ಹೇಳ್ತೀರಿ?"

"ಹೆಸರು ಬರೆದಿದಾರಲ್ಲ, ಒಂದೊಂದೇ ನೋಡಿ. ಎರಡು ಸಲ ಇದ್ರೆ ಗೊತ್ತಾಗುತ್ತೆ."

"ನಿಯಮದಲ್ಲಿ ಬೆರಳು ನೋಡಬೇಕು ಅಂತಿದೆ ಅಮ್ಮ, ಹೆಸರು ನೋಡಬೇಕು ಅಂತಿಲ್ಲ."

ಅಲ್ಲಿಗೆ ಮುಗಿಯಿತು. ಊರಿನ ಅಷ್ಟು ಜನ ಬಿಸಿಲಲ್ಲಿ ನಿಂತದ್ದು ನನ್ನ ಒಂದು ಬಟ್ಟಲು ಸೋಪಿನ ನೀರಲ್ಲಿ ಹೋಯಿತು. ಹೊರಗೆ ಬಂದಾಗ ಟೀಚರಮ್ಮ ನನ್ನ ಮುಖ ನೋಡಲಿಲ್ಲ. ಮಾರನೆಯ ದಿನ ಯಾರನ್ನೋ ಕಳಿಸಿ ಅರ್ಧ ಹೊಲಿದ ಬಟ್ಟೆ ವಾಪಸ್ ತರಿಸಿಕೊಂಡರು, ಪಿನ್ನು ಚುಚ್ಚಿದ್ದು ಚುಚ್ಚಿದ ಹಾಗೇ. ನರ್ಸಮ್ಮ ಬರುವುದಿಲ್ಲ. ಬೇಕರಿಯವನು "ಒಳ್ಳೆ ತಮ್ಮ, ಒಳ್ಳೆ ಅಕ್ಕ" ಅಂತ ರಸ್ತೆಯಲ್ಲಿ ನನಗೆ ಕೇಳುವ ಹಾಗೆ ಅಂದ. ಊರೆಲ್ಲ ನಾನು ಬೇಕೆಂದೇ ಮಾಡಿದೆ ಅಂತ ನಂಬಿದೆ. ನೀನೂ ಹಾಗೇ ನಂಬಿದ್ದೀಯ. ಅದೊಂದರಲ್ಲಿ ನಿನಗೂ ನಿನ್ನ ವಿರೋಧಿಗಳಿಗೂ ಒಮ್ಮತ.

ನೀನು ನಕ್ಕೆ ಅಂದುಕೊಂಡು ನಾನು ಬರೆದೆನಲ್ಲ ತಮ್ಮಾ. ದಿನಕ್ಕೆ ಎಷ್ಟು ಜನ, ಗುರುತು ಉಳಿಯುತ್ತದಾ ಅಂತ ನೀನು ಕೇಳಿದಾಗ, ಊರಿನ ನೆನಪಾಗಿದೆ ನನ್ನ ತಮ್ಮನಿಗೆ ಅಂತ ಕುಣಿದಾಡಿದೆ. ನಾಚಿಕೆಯಾಗುತ್ತದೆ. ನಿನ್ನ ಮೇಲೆ ಬಂದ ಸಿಟ್ಟಿಗಿಂತ ನನ್ನ ದಡ್ಡತನದ ಮೇಲೆ ಬಂದ ಸಿಟ್ಟು ದೊಡ್ಡದು. ಜನರ ತೀರ್ಪು ಅಂತ ಬರೆದಿದ್ದೀಯ. ಜನ ತೀರ್ಪು ಕೊಡುವ ಬಾಗಿಲನ್ನೇ ಹಾಕಿಸಿ, ಬಾಗಿಲು ಹಾಕಿದ್ದನ್ನೇ ತೀರ್ಪು ಅಂತೀಯ.

ಇನ್ನೊಂದು ವಿಷಯ. ಸೋಪಿನ ಪರೀಕ್ಷೆ ನನ್ನ ಬೆರಳ ಮೇಲೆ ಮೊದಲು ಮಾಡಿದೆ ಅಂತ ಬರೆದಿದ್ದೆ. ನನ್ನ ಬೆರಳಿಗೆ ಶಾಯಿ ಎಲ್ಲಿಂದ ಬಂತು ಅಂತ ನೀನೂ ಕೇಳಲಿಲ್ಲ, ನಿನ್ನ ವಕೀಲರೂ ಕೇಳಲಿಲ್ಲ. ಮೇಜು ಹಾಕಿದ ದಿನವೇ ರಸ್ತೆ ದಾಟಿ ಹೋಗಿ ಒತ್ತಿ ಬಂದಿದ್ದೆ. ಟೀಚರಮ್ಮ ಆಗ ಎದ್ದು ನಿಂತು ನನ್ನ ಕೈ ಹಿಡಿದುಕೊಂಡಿದ್ದರು. ಅದನ್ನು ನಿನಗೆ ಬರೆಯುವ ಧೈರ್ಯ ಇರಲಿಲ್ಲ. ಈಗ ಇದೆ.

ಕೆಳಗೆ ಹೆಸರಿನ ಬದಲು ಹೆಬ್ಬೆಟ್ಟು ಒತ್ತಿದ್ದೇನೆ. ಇದನ್ನೂ ವಕೀಲರಿಗೆ ತೋರಿಸು. ನಮ್ಮ ಕಾಗದ ನಮ್ಮಿಬ್ಬರದ್ದೇ ಅಲ್ಲ ಅಂತ ಕಲಿಸಿದವನು ನೀನು. ಹಾಗಾಗಿ ಇದರ ಒಂದು ಪ್ರತಿಯನ್ನು ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದೇನೆ. ಓದಲು ಬಾರದವರಿಗೆ ಇಸ್ತ್ರಿ ಮಾವ ಓದಿ ಹೇಳುತ್ತಾರೆ.

ಅವರ ವಿಷಯವೂ ಹೇಳಬೇಕು. ನಿನ್ನ ಕಾಗದ ಬಂದಾಗಲೆಲ್ಲ "ನನ್ನ ಕೇಳಿದಾನಾ?" ಅಂತಾರೆ. "ಕೇಳಿದಾನೆ ಮಾವ, ಕೈ ಹೇಗಿದೆ ಅಂತ ಕೇಳಿದಾನೆ" ಅಂತ ಪ್ರತಿ ಸಲ ಸುಳ್ಳು ಹೇಳಿದ್ದೇನೆ. ಒಂದು ಕಾಗದದಲ್ಲೂ ನೀನು ಕೇಳಿಲ್ಲ. ಗಾಜಿನ ಮೇಲೆ ಈ ಸಾಲನ್ನೂ ಅವರೇ ಓದಿರುತ್ತಾರೆ.

ಅರ್ಜಿ ಹೋಯಿತು, ಇನ್ನೊಂದು ವರ್ಷ ನಿನ್ನನ್ನು ಯಾರೂ ಇಳಿಸುವ ಹಾಗಿಲ್ಲ. ಇಳಿಯುವುದಾದರೆ ನೀನಾಗಿಯೇ ಇಳಿಯಬೇಕು. ಒಂದು ದಿನವೂ ತಡ ಮಾಡಬೇಡ ಅಂತ ಕೊನೆಯ ಸಲ ಹೇಳುತ್ತಿದ್ದೇನೆ. ನಿನ್ನ ಉತ್ತರ ಬಂದರೆ ಮಾವನ ಎದುರಿಗೇ ಒಡೆಯುತ್ತೇನೆ.

(ಹೆಬ್ಬೆಟ್ಟಿನ ಗುರುತು)

&nbsp;

ಶಾಸಕರ ಕಚೇರಿ, ರಾಜಧಾನಿ
ಜೂನ್ ೨

ಮಾನ್ಯ ಮತದಾರರೇ,

ತಮ್ಮ ದಿನಾಂಕ ಮೇ ೧೫ರ ಪತ್ರ ತಲುಪಿರುತ್ತದೆ. ತಮ್ಮ ಅನಿಸಿಕೆಗಳನ್ನು ಮಾನ್ಯ ಶಾಸಕರ ಗಮನಕ್ಕೆ ತರಲಾಗಿದೆ. ವಿಷಯವು ಪರಿಶೀಲನೆಯಲ್ಲಿರುತ್ತದೆ. ಕ್ಷೇತ್ರದ ಅಭಿವೃದ್ಧಿಯಲ್ಲಿ ತಮ್ಮ ಸಹಕಾರ ಹೀಗೆಯೇ ಮುಂದುವರಿಯಲಿ.

ಶಾಸಕರ ಪರವಾಗಿ,
ಆಪ್ತ ಕಾರ್ಯದರ್ಶಿ

&nbsp;

ಜೂನ್ ೯

ಮಾನ್ಯ ಶಾಸಕರೇ,

ತಮ್ಮ ಕಚೇರಿಯ ಕಾಗದ ಬಂತು. ಹೇಳಿದ ಹಾಗೆ ಮಾವನ ಎದುರಿಗೇ ಒಡೆದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಹಿಂದೆ ಏನಾದರೂ ಬರೆದಿದೆಯಾ ಅಂತ ತಿರುಗಿಸಿ ನೋಡಿದರು. ಖಾಲಿ ಇತ್ತು.

"ಕೇಳಿಲ್ಲ ಅಲ್ವಾ?" ಅಂದರು.

"ಇಲ್ಲ ಮಾವ," ಅಂದೆ.

ಎಡಗೈಯಲ್ಲಿ ಪೆಟ್ಟಿಗೆ ಎತ್ತಿಕೊಂಡರು. ಈಗ ಅಷ್ಟು ನಡುಗುವುದಿಲ್ಲ.

ಸಂಜೆ ಟೀಚರಮ್ಮನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು, ಆಮೇಲೆ ಒಳಗೆ ಕರೆದರು. ಗಾಜಿನ ಮೇಲಿನ ಕಾಗದ ಓದಿದ್ದರಂತೆ. ಬಟ್ಟೆ ಮತ್ತೆ ಹೊಲಿಯಲು ಕೊಟ್ಟಿಲ್ಲ, ಕೇಳುವ ಮುಖವೂ ನನಗಿಲ್ಲ. ಬರುವ ವರ್ಷ ಹೊಸ ಅರ್ಜಿಯ ಮೇಜು ನನ್ನ ಜಗಲಿಯಲ್ಲೇ ಹಾಕಬೇಕು ಅಂತ ಕೇಳಿಕೊಂಡೆ. ನೆರಳಿದೆ, ಜನ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ. ಬಟ್ಟೆ ಕತ್ತರಿಸುವ ನನ್ನ ಮೇಜನ್ನೇ ಬಿಟ್ಟುಕೊಡುತ್ತೇನೆ ಅಂದೆ. ಒಪ್ಪಿದರು.

ತಮಗೆಂದು ಕತ್ತರಿಸಿದ ಬಿಳಿ ಬಟ್ಟೆ ಮಡಚಿಟ್ಟಿದೆ. ಆ ದಿನ ಮೇಜಿನ ಮೇಲೆ ಹಾಸುತ್ತೇನೆ, ಶಾಯಿ ಬಿದ್ದರೆ ಅದರ ಮೇಲೇ ಬೀಳಲಿ.

ಸೋಪಿನ ಬಟ್ಟಲು ಒಳಗಿಟ್ಟಿದ್ದೇನೆ.

ತಮ್ಮ ಕ್ಷೇತ್ರದ ಒಬ್ಬ ಮತದಾರಳು